ತಾಳವಿಲ್ಲದ ಪೆಟ್ಟಿಗೆ

"ತಾಳ ಎಲ್ಲಿ ಹೋತು?" ಈರ ಮೇಸ್ತ್ರಿ ಮೂರನೆಯ ಸಲ ಕೇಳಿದ.

ಭಟ್ಕಳ ಪೇಟೆಯ ಆ ಅಂಗಡಿಯಲ್ಲಿ ದುಬೈ ಸಾಮಾನು ಮಾಡಿನವರೆಗೆ ಪೇರಿಸಿತ್ತು. ಎರಡು ಸ್ಪೀಕರ್ ಪೆಟ್ಟಿಗೆಗಳು ಆಗಲೇ ಸೋತು ಮೇಜಿನ ಬದಿಗೆ ಸರಿದಿದ್ದವು, ಮೂರನೆಯದು ಹಾಡುತ್ತಿತ್ತು. ಯಾವುದಕ್ಕೂ ವೈರಿಲ್ಲ. ಒಂದು ಗಿಡ್ಡ ಡಬ್ಬಿಯನ್ನು ಮನೆಯೊಳಗಿನ ಟೇಪ್‌ರೆಕಾರ್ಡರಿಗೆ ಸಿಕ್ಕಿಸಿಟ್ಟರೆ, ಸೆಲ್ ಹಾಕಿದ ಪೆಟ್ಟಿಗೆ ಅಂಗಳದಾಚೆ ಎಲ್ಲಿಟ್ಟರೂ ಹಾಡುತ್ತದೆ ಎಂದು ಅಂಗಡಿಯ ಸಾಹೇಬರು ಹೇಳಿದ್ದರು. ಈರನಿಗೆ ಬೇಕಾದದ್ದೂ ಅದೇ. ಶರಾವತಿ ದಂಡೆಯ ಕಾಸರಕೋಡಿನಲ್ಲಿ ಮನೆಗೆ ತಾಗಿದ ಶೆಡ್ಡಿನಲ್ಲಿ ಅವನು ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದ. ಮನೆಯಿಂದ ಎಳೆದ ವೈರನ್ನು ಒಮ್ಮೆ ಇಲಿ ಕಡಿದಿತ್ತು. ಇನ್ನೊಮ್ಮೆ ಅವನೇ ಗೇರ್‌ಬಾಕ್ಸ್ ಬೀಳಿಸಿ ತುಂಡು ಮಾಡಿದ್ದ. ಹೆಂಡತಿ ತಿಮ್ಮಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಅಲ್ಲಿಂದ ಶೆಡ್ಡು ಬಿಕೋ ಎನ್ನುತ್ತಿತ್ತು. ಒಂದು ಯಕ್ಷಗಾನದ ಪದ್ಯವಾದರೂ ಕಿವಿಗೆ ಬೀಳುತ್ತಿದ್ದರೆ ಹೊತ್ತು ಹೋಗುತ್ತದೆಂದು ಮಗಳು ಬಂಗಾರಿಯೇ ಹಟ ಹಿಡಿದು ಅವನನ್ನು ಬಸ್ಸು ಹತ್ತಿಸಿ ತಂದಿದ್ದಳು.

"ಬಿದ್ರೆ ಒಡೀತದ್ಯಾ ಇದು?" ಎಂದು ಅವನು ಮೊದಲೇ ಕೇಳಿದ್ದ.

"ಯಜಮಾನ್ರೇ, ನನ್ನ ತಮ್ಮ ಇದೇ ಪೆಟ್ಟಿಗೆ ಜೀಪಿನ ಮೇಲಿಂದ ಬೀಳ್ಸಿದ. ಜೀಪು ರಿಪೇರಿಗೆ ಹೋಯ್ತು."

"ಡೀಸೆಲ್ ಕೈ ತಾಗ್ತದೆ. ಉಪ್ಪುಗಾಳಿ ಬಡೀತದೆ."

"ಬಡೀಲಿ. ಅರಬ್ಬಿ ಸಮುದ್ರ ದಾಟಿ ಬಂದ ಮಾಲು, ನಿಮ್ಮ ಕಾಸರಕೋಡಿನ ಗಾಳಿಗೆ ಹೆದರ್ತದಾ?"

ಬೆಲೆ ಏಳುನೂರೈವತ್ತು, ಆ ಮೂರರಲ್ಲಿ ಅದೇ ಅಗ್ಗ, ಅದೇ ಗಟ್ಟಿ. ಈರ ಬೆರಳ ಗಂಟಿನಿಂದ ಬಡಿದು ನೋಡಿದ್ದ, ಮಗುಚಿ ಸ್ಕ್ರೂ ಎಣಿಸಿದ್ದ. ಎಲ್ಲ ಸರಿ. ಆದರೆ ದನಿ ಪೂರಾ ಇರಲಿಲ್ಲ. ಮನೆಯಿಂದ ತಂದ ಕ್ಯಾಸೆಟ್ಟಿನಲ್ಲಿ ಕರ್ಕಿಯ ಭಾಗವತರೊಬ್ಬರು ಹಾಡುತ್ತಿದ್ದರು. ಮದ್ದಳೆ ಬರುತ್ತಿತ್ತು, ಚಂಡೆ ಬರುತ್ತಿತ್ತು, ಭಾಗವತರ ಕೈಯ ತಾಳದ ಸಣ್ಣ ಕಿಣಿಕಿಣಿ ಮಾತ್ರ ಇಲ್ಲ.

"ತಾಳ ತಿಂದ್ಕಂಡದೆ ಸಾಯ್ಬ್ರೆ ಈ ಪೆಟ್ಗೆ. ಮೂರೂ ಒಂದೇ ಜಾತಿ."

ಸಾಹೇಬರು ಬಂಗಾರಿಯ ಮುಖ ನೋಡಿದರು. ಬಂಗಾರಿ ಅಪ್ಪನ ಮುಖ ನೋಡಿದಳು.

"ಅಪ್ಪಾ, ತಾಳ ಬತ್ತಾ ಅದೆ."

"ಎಲ್ಲಿ?"

ಅವಳು ಮೇಜಿನ ಗಾಜಿನ ಮೇಲೆ ಬೆರಳಿಟ್ಟಳು. ಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಚಂಡೆಯ ಪೆಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಚಂಡೆ ನಿಂತಾಗಲೂ ಬೆರಳು ನಿಲ್ಲಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಯಾರೋ ಗಿರಾಕಿ ಅದೇ ಲೆಕ್ಕಕ್ಕೆ ತಲೆದೂಗುತ್ತಿದ್ದ. ಈರ ಆ ಬೆರಳನ್ನೇ ನೋಡಿದ. ಆ ಸಣ್ಣ ದನಿ ಉಳಿದ ಎಲ್ಲರಿಗೂ ಕೇಳುತ್ತಿತ್ತು, ಅವನೊಬ್ಬನಿಗೆ ಇಲ್ಲ.

ಅವನ ಕಣ್ಣೆದುರು ಬಂದದ್ದು ಬೆಳಗಿನ ಧಕ್ಕೆ, ಬೋಟು ಕಟ್ಟುವ ಕಲ್ಲುಕಟ್ಟೆ. ರಿಪೇರಿ ಮುಗಿಸಿ ಜಟ್ಟನ ಬೋಟಿನಲ್ಲಿ ಕೂರಿಸಿದ ಎಂಜಿನ್ನನ್ನು ಚಾಲೂ ಮಾಡಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೊತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚಿ ಕೇಳಿದ್ದ. ಆ ಬೋಟಿನಲ್ಲಿ ದುಡಿಯುವ ಅಳಿಯ ರಾಜೀವ, ಬಂಗಾರಿಯ ಗಂಡ, ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಮಾವ, ನೀರಿನ ಪಂಪಿನ ಹತ್ರ ಎಂತದೋ ಸಣ್ಣಕೆ ಸುಂಯ್ ಅಂತದೆ."

"ನಿನ್ನ ಕಿವೀಲಿ ನುಸಿ ಹೊಕ್ಕದೆ. ಹೋಗಿ ತೆಗೆಸ್ಕ."

ಬೋಟಿನ ಉಳಿದ ಆರು ಮಂದಿಯೂ ನಕ್ಕಿದ್ದರು. ಈರ 'ಹೂಂ' ಎಂದು ಎದ್ದಿದ್ದ. ಮೇಸ್ತ್ರಿ ಹೂಂ ಅಂದ ಎಂಜಿನ್ನಿಗೆ ಮತ್ತೊಬ್ಬ ಕಿವಿಯಿಡುವುದು ಆ ಧಕ್ಕೆಯ ಪದ್ಧತಿಯಲ್ಲ. ಅದು ಮೇಸ್ತ್ರಿಯ ಮುಖಕ್ಕೆ ಉಗಿದ ಹಾಗೆ. ರಾಜೀವ ಬಾಯಿ ಮುಚ್ಚಿಕೊಂಡಿದ್ದ.

ಸುಂಯ್ ಎಂದರೆ ಪಂಪಿನ ಬೇರಿಂಗ್, ಅದು ಹೋದರೆ ಎಂಜಿನ್ನಿಗೆ ತಣ್ಣೀರು ನಿಲ್ಲುತ್ತದೆ. ಕಾಯ್ದು ಕಾಯ್ದು ಬಿಗಿದುಕೊಳ್ಳುತ್ತದೆ. ನಡುಗಡಲಿನಲ್ಲಾದರೆ ಬೇರೆ ಬೋಟು ಎಳೆದು ತಂದೀತು. ಶರಾವತಿ ಕಡಲು ಸೇರುವ ಅಳಿವೆಯಲ್ಲಿ, ಮರಳ ದಿಣ್ಣೆಗೆ ತೆರೆ ಬಂದು ಮುರಿಯುವ ಜಾಗದಲ್ಲಿ ನಿಂತರೆ, ದೇವರೇ ಗತಿ. ಭರತ, ಕಡಲಿನ ಉಬ್ಬರ, ತುಂಬುವುದು ನಾಲ್ಕು ಗಂಟೆಗೆ. ತುಂಬಿದೊಡನೆ ಜಟ್ಟ ಹಗ್ಗ ಬಿಚ್ಚುತ್ತಾನೆ. ಗೋಡೆಯ ಗಡಿಯಾರದಲ್ಲಿ ಮೂರೂಮುಕ್ಕಾಲು. ಬಸ್ಸಿಗೆ ಗಂಟೆಯ ಮೇಲೆ ಬೇಕು.

"ಬಂಗಾರಿ, ಕುಪ್ಪನ ಐಸ್ ಅಂಗ್ಡಿಗೆ ಫೋನು ಹಚ್ಚು."

ಸಾಹೇಬರು ಏನೂ ಕೇಳದೆ ಟೇಪು ನಿಲ್ಲಿಸಿ ಫೋನನ್ನು ಮುಂದಕ್ಕೆ ತಳ್ಳಿದರು. ಧಕ್ಕೆಗೆ ಹತ್ತಿರವಿದ್ದ ಫೋನು ಕುಪ್ಪನದೊಂದೇ. ಕುಪ್ಪನ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಕುಮಟೆ ಮುಟ್ಟುತ್ತದೆ. ಅದು ಈರನಿಗೆ ಗೊತ್ತಿತ್ತು.

"ಕುಪ್ಪಣ್ಣಾ, ನಾನು ಬಂಗಾರಿ... ಹೌದು, ಭಟ್ಕಳದಾಗೆ..." ಅವಳು ಫೋನಿನ ಬಾಯಿಗೆ ಕೈ ಮುಚ್ಚಿ ತಿರುಗಿದಳು. "ಎಂತ ಹೇಳೂಕೆ ಅಪ್ಪ?"

"ಪಂಪಿನ ಬೋಲ್ಟು ಬಿಗಿಯೂಕೆ ಮರ್ತೆ ಹೇಳು. ಬೋಟು ನಿಲ್ಸೂಕೆ ಹೇಳು."

ಹೇಳಿದಳು. ಕೇಳಿಸಿಕೊಂಡಳು. "ಅದ್ಕೆ ಎಂತಕ್ಕೆ ನಿಲ್ಸೂದು, ರಾಜೀವ ಬಿಗೀತ, ಎರಡು ನಿಮಿಷದ ಕೆಲ್ಸ ಅಂತ. ನಿನ್ನ ಅಪ್ಪಂಗೆ ಭಟ್ಕಳದ ಹಲ್ವಾ ತಿಂದು ಮರುಳಾತಾ ಕೇಳ್ತಾ ಇದ್ದ."

ಈರ ಮೇಜನ್ನು ಹಿಡಿದುಕೊಂಡ. ನಲವತ್ತು ವರ್ಷ. ದೂರದ ಬೇಲೆಕೇರಿ ಬಂದರಿನಿಂದ ಹುಡುಕಿಕೊಂಡು ಬರುತ್ತಿದ್ದರು, ಈ ಕಿವಿಯನ್ನು. ಆಗ ಅವನಿಗೆ ಶೆಡ್ಡಿನ ಹೊಸ್ತಿಲಲ್ಲಿ ಮೀನು ಹಸನು ಮಾಡುತ್ತ ಕೂತ ತಿಮ್ಮಿ ಕಂಡಳು. ಕತ್ತಿಯಿಂದ ತಲೆಯೆತ್ತದೆ ಅವಳು ಹೇಳುತ್ತಿದ್ದಳು: ಹೋಯ್, ಆ ಬದಿಗೆ ಎಂತದೋ ಕೀರ್ ಅಂತದೆ ಕಾಣಿ. ಅವನು ಗದರುತ್ತಿದ್ದ, ಹೆಂಗ್ಸಿಗೆ ಎಂಜಿನ್ ಎಂತ ತೆಳೀತದೆ ಅಂತ. ಆಮೇಲೆ ಆ ಬದಿಯನ್ನೇ ಬಿಚ್ಚುತ್ತಿದ್ದ. ಅವಳ ಕಿವಿಯಿಂದಲೇ ಕೇಳಿದ್ದು ಎಷ್ಟು ವರ್ಷ? ಮೂರೋ, ನಾಲ್ಕೋ. ಅವಳಿಗೆ ಗೊತ್ತಿತ್ತೆ? ಗೊತ್ತಿದ್ದೂ ಒಂದು ದಿನ ಬಾಯಿಬಿಟ್ಟು ಆಡಲಿಲ್ಲವೆ?

"ಅಪ್ಪಾ, ಅಂವ ಫೋನು ಇಡ್ತ್ನಂತೆ."

"ಇಡೂಕೆ ಕೊಡಬೇಡ." ಈರನ ದನಿ ಅಂಗಡಿಯ ಹೊರಗೂ ಕೇಳಿಸಿತು. "ಮೇಸ್ತ್ರಿಗೆ ಕಿವಿ ಕೇಳೂದಿಲ್ಲ ಹೇಳು. ಬೆಳಿಗ್ಗೆ ಕೇಳದೇ ಹೂಂ ಅಂದ, ಅದು ಸುಳ್ಳು ಹೇಳು. ರಾಜೀವ ಹೇಳಿದ್ದೇ ಸಮ. ಪಂಪು ಬಿಚ್ಚದೇ ಹೊರಟ್ರೆ ಏಳು ಹೆಣ ಅಂತ ಹೇಳು ಜಟ್ಟಂಗೆ."

ಬಂಗಾರಿ ಫೋನನ್ನು ಬಾಯಿಗೆ ಹತ್ತಿರ ತಂದಳು. ಮತ್ತೆ ಒಂದೊಂದೇ ಮಾತನ್ನು, ಏನೂ ಕಡಿಮೆ ಮಾಡದೆ, ಹೇಳಿದಳು. ಆಚೆಯವನು ಈ ಸಲ ನಗಲಿಲ್ಲವೆಂದು ತೋರುತ್ತದೆ.

"ಓಡ್ದ," ಎಂದಳು. "ಫೋನು ಕೆಳಗಿಟ್ಟೇ ಓಡ್ದ. ಹಗ್ಗ ಬಿಚ್ಚೂಕೆ ಹತ್ತಿದ್ರಂತೆ."

ಕಾದರು. ಸಾಹೇಬರು ಸ್ಟೂಲು ತಂದಿಟ್ಟರೂ ಈರ ಕೂರಲಿಲ್ಲ. ಕಿವಿಗೊತ್ತಿಕೊಂಡ ಫೋನಿನಲ್ಲಿ ಬಂಗಾರಿಗೆ ಏನು ಕೇಳುತ್ತಿತ್ತೋ, ಗಾಳಿಯೋ, ಐಸ್ ಒಡೆಯುವ ಸದ್ದೋ. ಅವಳ ಮುಖದಲ್ಲಿ ಅದನ್ನು ಓದಲು ಅವನು ನೋಡಿದ. ಓದಲಾಗಲಿಲ್ಲ. ಬಾಯಿಯಲ್ಲಿ ಇಡಗುಂಜಿ ಗಣಪತಿಯ ಹೆಸರು ಬಂತು. ಎಂಟು ನಿಮಿಷ ಕಳೆಯಿತು. ಆಮೇಲೆ ಅವಳು ಹೂಂ, ಹೂಂ ಎಂದಳು. ಫೋನು ಇಟ್ಟಳು.

"ಬೋಟು ತಿರುಗಿ ಕಟ್ಟಿದ್ರು ಅಪ್ಪ."

ಈರ ಮೇಜಿನಿಂದ ಕೈ ತೆಗೆದ. ಮತ್ತೆ ಸಾಹೇಬರ ಕಡೆ ತಿರುಗಿ ಕೈಮುಗಿದ. "ಪೆಟ್ಗೆದು ತಪ್ಪಿಲ್ಲ ಸಾಯ್ಬ್ರೆ. ಸುಮ್ನೆ ದೂರ್ದೆ. ಆ ಮೂರ್ನೇದು ಕಟ್ಟಿ ಕೊಡಿ."

ಸಾಹೇಬರು ಐವತ್ತು ರೂಪಾಯಿ ಬಿಟ್ಟೇ ಕಟ್ಟಿದರು.

ಬಸ್ಸಿನಲ್ಲಿ ಈರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇಡಗುಂಜಿ ಕ್ರಾಸು ಬಂದಾಗ ಎಲ್ಲರಂತೆ ಅವನೂ ಕೈ ಜೋಡಿಸಿದ. ಬೇಡಿಕೊಳ್ಳಲು ಏನೂ ತೋಚಲಿಲ್ಲ. ಹಾಗೇ ಕೈ ಇಳಿಸಿದ.

ಧಕ್ಕೆ ಮುಟ್ಟುವಾಗ ಐದೂವರೆ. ಉಳಿದ ಬೋಟುಗಳು ಅಳಿವೆ ದಾಟಿ ಹೋಗಿದ್ದವು. ಜಟ್ಟನದು ಒಂದೇ ನಿಂತಿತ್ತು. ಹಲಗೆಯ ಮೇಲೆ ಪಂಪು ಬಿಚ್ಚಿ ಹರವಿತ್ತು. ರಾಜೀವ ಎದ್ದು ಬಂದು ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಬೇರಿಂಗನ್ನು ಮಾವನ ಅಂಗೈಗಿಟ್ಟ. ಒಳಗಿನ ಗುಂಡುಗಳಲ್ಲಿ ಎರಡು ಪುಡಿಯಾಗಿದ್ದವು. ಈರ ಅದನ್ನು ಬೆರಳಿನಿಂದ ತಿರುಗಿಸಿ ನೋಡಿ ಮರಳಿ ಕೊಟ್ಟ.

ಜಟ್ಟ ಬಾಯಿಯ ಬೀಡಿ ತೆಗೆದು ಹತ್ತಿರ ಬಂದ. ಇಷ್ಟು ವರ್ಷ ಅವನು ಮೇಸ್ತ್ರಿಯ ಎದುರು ತಗ್ಗಿದ ದನಿಯಲ್ಲೇ ಮಾತಾಡಿದವನು. ಈಗ ಬಗ್ಗಿ, ಈರನ ಮುಖದ ಹತ್ತಿರ ಮುಖ ತಂದು, ಕೂಗಿ ಕೇಳಿದ:

"ಊಟಾ... ಆತಾ... ಮೇಸ್ತ್ರೀ?"

ಬೋಟಿನವರೆಲ್ಲ ಬೇರೆ ಕಡೆ ನೋಡಿದರು. "ಆತು," ಎಂದ ಈರ, ಮೆಲ್ಲಗೆ.

ಇಳಿತ ಶುರುವಾಗಿತ್ತು. ಕಟ್ಟಿದ ಬೋಟು ತುಸು ತುಸುವೇ ಧಕ್ಕೆಯ ಕಲ್ಲಿನಿಂದ ಕೆಳಗೆ ಹೋಗುತ್ತಿತ್ತು. ಹಗ್ಗ ಬಿಗಿಯುವ ಮೊದಲೇ ರಾಜೀವ ಕೂತು, ಒಂದು ಸುತ್ತು ಬಿಚ್ಚಿ, ಸಡಿಲ ಬಿಟ್ಟ.