ಕಿವಿ ಮೇಸ್ತ್ರಿ

ಮೇಸ್ತ್ರಿ ಕೊನೆಯ ಸ್ಕ್ರೂ ಬಿಗಿ ಮಾಡಿ, ಗಾಜಿನ ಮೇಲೆ ಅಂಗೈ ಊರಿ ನಿಂತ. ಕೆಳಗೆ ಬಸ್ಸೊಂದು ಸಿಗ್ನಲ್ ದಾಟಿ ಏರು ಹತ್ತುತ್ತಿತ್ತು. ವಾರದ ಹಿಂದೆ ಅಳತೆಗೆ ಬಂದು ಕೈಯಿಟ್ಟಾಗ ಈ ಮನೆಯ ಹಳೇ ಕಿಟಕಿ ಜ್ವರ ಬಂದವರ ಹಾಗೆ ನಡುಗಿತ್ತು. ಈಗ ಅದರ ಒಳಮಗ್ಗುಲಿಗೆ, ಗೇಣುದ್ದ ಜಾಗ ಬಿಟ್ಟು ಕೂರಿಸಿದ ಎರಡನೇ ಕಿಟಕಿ ಸುಮ್ಮನಿತ್ತು. ಅವನು ಕಣ್ಣು ಮುಚ್ಚಿ ಚೌಕಟ್ಟಿನ ಅಂಚಿಗೆ ಕಿವಿ ಹಚ್ಚಿದ. ಕೆಳಗಿನಿಂದ ಮೇಲಿನವರೆಗೆ, ಸ್ಟೂಲು ಹತ್ತಿ ಎಡದಿಂದ ಬಲಕ್ಕೆ, ಮತ್ತೆ ಕೆಳಕ್ಕೆ. ಆಮೇಲೆ ಇಳಿದು ಕೈ ಒರೆಸಿಕೊಂಡ.

"ನೋಡಿ ಅಮ್ಮ, ಇನ್ನು ಕೆಳಗೆ ರಸ್ತೆ ಇದೆ ಅನ್ನೋದೇ ಮರೆತುಹೋಗತ್ತೆ. ಒಂದು ಸದ್ದು ಇದೆಯಾ ಹೇಳಿ."

ಅವನು ಹಾಗೆ ಹೇಳುವಾಗ ಚೌಕದ ಪೊಲೀಸಿನವನು ಸೀಟಿ ಊದುತ್ತಲೇ ಇದ್ದ. ಕಿಟಕಿಯ ಬಲಗಡೆಯ ಮೇಲಿನ ಮೂಲೆಯಿಂದ ಆ ಸದ್ದು ಸೂಜಿಯ ಹಾಗೆ ಕೋಣೆಯೊಳಕ್ಕೆ ಬರುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ ಮೇಸ್ತ್ರಿಯ ಮುಖ ನೋಡಿದರು. ನೆಲದಲ್ಲಿ ಕೂತು ಹತಾರಗಳನ್ನು ಚೀಲಕ್ಕೆ ತುಂಬುತ್ತಿದ್ದ ಮೇಸ್ತ್ರಿಯ ಭಾಮೈದ ತಲೆ ಎತ್ತಲಿಲ್ಲ. ಮಂಚದ ಮೇಲಿದ್ದ ಟೀಚರಮ್ಮನ ಯಜಮಾನರು ಬೆಚ್ಚಿ, ಎದೆಯ ಮೇಲೆ ಕೈ ಇಟ್ಟುಕೊಂಡರು.

ಅವರ ಎದೆ ಕೊಯ್ದು ಹೊಲಿದು ಇಪ್ಪತ್ತು ದಿನವಾಗಿತ್ತು. ನಿದ್ದೆ ಇಲ್ಲದಿದ್ದರೆ ಹೊಲಿಗೆ ಹಾಕಿಯೂ ಪ್ರಯೋಜನವಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮನೆಗೆ ನೂರು ವರ್ಷ ದಾಟಿದೆ. ರಸ್ತೆಗೆ ಕಾಣುವ ಕಿಟಕಿಗಳನ್ನು ಬದಲಾಯಿಸಕೂಡದು ಎಂಬುದು ಊರಿನ ಕಾಯಿದೆ. ಹಾಗಾಗಿ ಇಂಥ ಮನೆಗಳಿಗೆಲ್ಲ ಒಳಗಡೆ ಇನ್ನೊಂದು ಕಿಟಕಿ ಹಾಕಿಸುವುದೊಂದೇ ದಾರಿ. ಅದಕ್ಕೆ ಯಾರು ಸರಿ ಎಂದು ಟೀಚರಮ್ಮ ಕೇಳಿದವರೆಲ್ಲ ಹೇಳಿದ್ದು ಒಂದೇ ಹೆಸರು, ಕಿವಿ ಮೇಸ್ತ್ರಿ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಹಳೇ ಮನೆಯ ಕಿಟಕಿಯ ನಾಲ್ಕು ಮೂಲೆ ನಾಲ್ಕು ದಿಕ್ಕಿಗೆ ಎಳೆದಿರುತ್ತವೆ. ಎಷ್ಟು ಅಳೆದು ಕತ್ತರಿಸಿದರೂ ಎಲ್ಲೋ ಒಂದು ಕಡೆ ಸಂದಿ ಉಳಿದೇ ಉಳಿಯುತ್ತದೆ, ಸದ್ದಿಗೆ ಅಷ್ಟೇ ಸಾಕು. ಬೇರೆಯವರು ಕಾಗದದ ಚೂರು ತೂರಿಸಿ ಹುಡುಕುತ್ತಿದ್ದರು. ಇವನು ಕಿವಿ ಒಯ್ದು, ಕೂದಲು ಹೋಗುವಷ್ಟು ಸಂದಿ ಇದ್ದರೂ "ಇಲ್ಲಿ" ಎಂದು ಬೆರಳಿಡುತ್ತಿದ್ದ. ಆದರೆ ಗಾಜಿನ ಅಂಚು ತಿಕ್ಕುವ ಚಕ್ರದ ಮುಂದೆ ಮೂವತ್ತೆರಡು ವರ್ಷ ಕೂತ ಕಿವಿ ಅದು. ಮೊದಲು ಬಾಗಿಲ ಗಂಟೆ ಹೋಯಿತು. ಆಮೇಲೆ ಫೋನು. ಆಮೇಲೆ ಮೊಮ್ಮಗಳು ಏನು ಹೇಳುತ್ತಾಳೆಂದು ಅವಳ ತುಟಿ ನೋಡಿ ತಿಳಿಯಬೇಕಾಯಿತು. ಬಸ್ಸು, ಲಾರಿಗಳ ದಪ್ಪ ಸದ್ದು ಇನ್ನೂ ಉಳಿದಿತ್ತು, ಅಂಗೈಗೂ ಸಿಗುತ್ತಿತ್ತು. ಅದನ್ನೇ ನಂಬಿ ಎರಡು ವರ್ಷ ದೂಡಿದ್ದ. ಯಾರಿಗೂ ಹೇಳಿರಲಿಲ್ಲ. ಕಿವಿ ಹೋದ ಕಿವಿ ಮೇಸ್ತ್ರಿಯನ್ನು ಯಾರು ಮನೆಗೆ ಕರೆಯುತ್ತಾರೆ?

ಭಾಮೈದನಿಗೆ ಬಾಯಿ ಜಾಸ್ತಿ ಎಂದು ಅವನಿಗೆ ಸಿಟ್ಟಿತ್ತು. ಮನೆಯವರು ಏನು ಹೇಳಿದರೂ "ಕೇಳಿದ್ರಾ ಭಾವ, ಅಮ್ಮ ಹಿಂಗಂತಾರೆ" ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದ. ಒಂದೇ ಮಾತನ್ನು ಎರಡು ಸಲ ಆಡೋ ರೋಗ ನಿಂಗೆ ಎಂದು ಮೇಸ್ತ್ರಿ ಹತ್ತಾರು ಸಲ ಬೈದಿದ್ದ.

ಟೀಚರಮ್ಮ ಯಜಮಾನರ ಹೊದಿಕೆ ಸರಿಮಾಡುತ್ತ, ಅತ್ತ ತಿರುಗಿಕೊಂಡೇ ಹೇಳಿದರು. "ಮೇಸ್ತ್ರಿ, ಪೊಲೀಸಿನವನ ಸೀಟಿ ಹಂಗೇ ಕೇಳ್ತಿದೆಯಲ್ಲ."

"ಎಲ್ಲಾ ನಿಮ್ಮ ಆಶೀರ್ವಾದ ಅಮ್ಮ," ಎಂದು ಮೇಸ್ತ್ರಿ ನಕ್ಕು ತಲೆ ಆಡಿಸಿದ.

ಭಾಮೈದ ಬಾಯಿ ತೆರೆದ. ಈ ಸಲ ಇನ್ನೊಮ್ಮೆ ಹೇಳದೆ ಚೀಲದ ಕಡೆ ಬಗ್ಗಿದ. ಟೀಚರಮ್ಮ ನಿಧಾನವಾಗಿ ಬಂದು ಮೇಸ್ತ್ರಿಯ ಎದುರಿಗೇ ನಿಂತರು.

"ನಲವತ್ತು ವರ್ಷ ಪಾಠ ಮಾಡಿದೀನಿ. ಕೇಳಿಸದೇ ಇದ್ರೂ ತಲೆ ಆಡಿಸೋ ಮಕ್ಕಳು ಎಲ್ಲಿ ಕೂತಿದ್ರೂ ನಂಗೆ ಗೊತ್ತಾಗ್ತಿತ್ತು. ಯಾವಾಗಿಂದ ಹಿಂಗೆ?"

ಮೇಸ್ತ್ರಿ ಭಾಮೈದನ ಕಡೆ ನೋಡಿದ. ಅವನು ಚೀಲ ಬಿಟ್ಟು ಎದ್ದು, "ಬಲಗಡೆ ಮೇಲಿನ ಮೂಲೆ, ಭಾವ," ಎಂದ.

"ನಿಂಗೂ ಗೊತ್ತಿತ್ತಾ?"

"ಅಕ್ಕಂಗೂ ಗೊತ್ತು."

ಮೇಸ್ತ್ರಿ ಸ್ವಲ್ಪ ಹೊತ್ತು ಸ್ಕ್ರೂಡ್ರೈವರಿನ ಹಿಡಿಯನ್ನೇ ಒರೆಸುತ್ತ ನಿಂತಿದ್ದ. ಆಮೇಲೆ ಸ್ಟೂಲನ್ನು ಕಾಲಿನಿಂದ ಸರಿಸಿ, "ನೀನೇ ಹತ್ತು," ಎಂದ.

ಭಾಮೈದ ಹತ್ತಿ ಅಂಚಿಗೆ ಕಿವಿಯಿಟ್ಟ. ಮೇಸ್ತ್ರಿ ಕೆಳಗೆ ಸ್ಟೂಲು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದ. ಇಷ್ಟು ವರ್ಷ ಮನೆಮನೆಯವರು ತನ್ನ ಮುಖವನ್ನು ಹೀಗೇ ಕಾದು ನೋಡಿದ್ದರು. ಮೂಲೆಯ ಹತ್ತಿರ ಭಾಮೈದನ ಹುಬ್ಬು ಗಂಟಾಯಿತು. ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದ. ಇಬ್ಬರೂ ಸೇರಿ ಗಾಜು ಇಳಿಸಿದಾಗ ಅಂಚಿಗೆ ಮೆತ್ತಿದ ರಬ್ಬರ್ ಪಟ್ಟಿ ಅಲ್ಲಿ ಮಡಿಸಿಕೊಂಡಿದ್ದು ಕಂಡಿತು. ಯಾರ ಕೈಯಲ್ಲೂ ಆಗಬಹುದಾದ ತಪ್ಪು, ಮೊದಲಾಗಿದ್ದರೆ ಅವನ ಕಿವಿ ಅಲ್ಲೇ ಹಿಡಿಯುತ್ತಿತ್ತು. ಮೇಸ್ತ್ರಿ ಅದನ್ನು ಕಿತ್ತು, ಬೇರೆ ಪಟ್ಟಿ ಕೊಯ್ದು, ಮಗುವಿನ ಅಂಗಿಯ ಕಾಲರು ಕೂರಿಸುವಷ್ಟು ನಾಜೂಕಾಗಿ ಮೂಲೆಗೆ ಕೂರಿಸಿದ. ಅವನ ಕೈಗೆ ಏನೂ ಆಗಿರಲಿಲ್ಲ. ಗಾಜನ್ನು ಮತ್ತೆ ಏರಿಸಿದರು. ಭಾಮೈದ ಇನ್ನೊಮ್ಮೆ ಕಿವಿ ಒಯ್ದು ಟೀಚರಮ್ಮನ ಕಡೆ ನೋಡಿದ. ಅವರು ಹೂಂ ಎಂದು ತಲೆ ಆಡಿಸಿದರು. ಮೇಸ್ತ್ರಿ ಅವರ ತಲೆಯನ್ನೂ ಇವನ ಮುಖವನ್ನೂ ನೋಡಿ ತಿಳಿದುಕೊಂಡ.

ಕಸ ಗುಡಿಸಿ ಮುಗಿಸುವಷ್ಟರಲ್ಲಿ ಯಜಮಾನರ ಕೈ ಎದೆಯಿಂದ ಜಾರಿ ಹಾಸಿಗೆಗೆ ಬಿದ್ದಿತ್ತು. ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು. ಮೇಸ್ತ್ರಿ ತುದಿಗಾಲಲ್ಲಿ ಹೊರಗೆ ಬಂದ. ಹಾಗೆ ನಡೆದರೂ ತನ್ನ ಹೆಜ್ಜೆ ಸದ್ದು ಮಾಡಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಮೆಟ್ಟಿಲ ಹತ್ತಿರ ಟೀಚರಮ್ಮ, ತಾನು ಈ ವಿಷಯ ಯಾರ ಮುಂದೆಯೂ ಎತ್ತುವುದಿಲ್ಲ ಎಂದರು. ಪಕ್ಕದ ಮನೆಯವರೂ ಇಂಥದೇ ಕಿಟಕಿ ಹಾಕಿಸಬೇಕೆಂದಿದ್ದರಂತೆ. ಅವರ ನಂಬರು ಬರೆದ ಚೀಟಿಯನ್ನು ಸೆರಗಿನ ಮರೆಯಿಂದ ತೆಗೆದರು. ಮೇಸ್ತ್ರಿ ಕೈ ಚಾಚಿದ್ದ. ಅವರು ಒಂದು ಗಳಿಗೆ ತಡೆದು, ಚೀಟಿಯನ್ನು ಭಾಮೈದನ ಕೈಗೆ ಕೊಟ್ಟು ಒಳಗೆ ಹೋದರು.

ಗಾಡಿಗೆ ಸ್ಟೂಲು, ಚೀಲ ಏರಿಸಿ ಇಬ್ಬರೂ ಮುಂದೆ ಕೂತರು. ಭಾಮೈದ ಗಾಡಿ ಸ್ಟಾರ್ಟ್ ಮಾಡಿ, ಹಾಗೇ ನಿಲ್ಲಿಸಿಕೊಂಡು, ಮುಖವನ್ನು ಪೂರ್ತಿ ಮೇಸ್ತ್ರಿಯ ಕಡೆ ತಿರುಗಿಸಿದ. ಹೊರಗಿನ ಬೆಳಕು ಅವನ ಬಾಯಿಯ ಮೇಲೆ ಬೀಳುತ್ತಿತ್ತು.

"ಭಾವ, ನಾಳೆಯಿಂದ ನೀವು ಅಂಗಡೀಲೇ ಗಾಜು ಕತ್ತರಿಸ್ಕೊಂಡಿರಿ. ಮನೆಗಳಿಗೆ ನಾನು ಹೋಗ್ತೀನಿ."

ಒಂದೊಂದು ಅಕ್ಷರವೂ ಮೇಸ್ತ್ರಿಗೆ ಅವನ ತುಟಿಯ ಮೇಲೆ ಸ್ಪಷ್ಟವಾಗಿ ಕಂಡಿತು.

"ಏನಂದೆ?" ಎಂದು ಕೇಳಿದ.

ಭಾಮೈದ ಅವನನ್ನೇ ನೋಡಿದ. ತುಟಿ ಅಲುಗಿ ಮುಚ್ಚಿಕೊಂಡಿತು.

"ಬೆಲ್ಟ್ ಹಾಕ್ಕೊಳ್ಳಿ ಅಂದೆ."

ಮೇಸ್ತ್ರಿ ಬೆಲ್ಟ್ ಎಳೆದು ಸಿಕ್ಕಿಸಿಕೊಂಡ. ಮಗ್ಗುಲಲ್ಲೇ ಬಸ್ಸೊಂದು ಬಂದು ನಿಂತು, ಸೀಟು, ಕಾಲಡಿಯ ತಗಡು ಎಲ್ಲವೂ ಒಂದೇ ಸಮನೆ ಅದುರುತ್ತಿದ್ದವು. ತಮ್ಮ ಗಾಡಿ ಹೊರಟಿತೋ ಇಲ್ಲವೋ ಎಂದು ಅವನು ಈಚೆಗಿದ್ದ ಕಾಂಪೌಂಡಿನ ಕಡೆ ನೋಡಿದ. ಸುಣ್ಣ ಉದುರಿದ ಗೋಡೆ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತ್ತು.