ಸೋಡಿಯಂ ಮನೆ

ಹತ್ತನೇ ತರಗತಿಗೆ ಸೋಡಿಯಂ ಪಾಠ ಮಾಡುವುದರಲ್ಲಿ ಗುಬ್ಬಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದುಕೊಂಡಿದ್ದೆ. ಹದಿನೆಂಟು ವರ್ಷದಿಂದ ಒಂದೇ ಉದಾಹರಣೆ. ಹನ್ನೊಂದು ಎಲೆಕ್ಟ್ರಾನ್‌ಗಳಿರುವ ಮನೆ: ಒಳಕೋಣೆಯಲ್ಲಿ ಇಬ್ಬರು, ನಡುಮನೆಯಲ್ಲಿ ಎಂಟು ಜನ, ಜಗಲಿಯ ಮೇಲೆ ಒಬ್ಬ.

"ಈ ಜಗಲಿಯವನೇ ವೇಲೆನ್ಸ್ ಎಲೆಕ್ಟ್ರಾನ್. ಮನೆ ಜೊತೆ ಅವನ ನಂಟು ಸಡಿಲ. ಅವನನ್ನ ಕ್ಲೋರಿನ್ ಮನೆಗೆ ಕಳಿಸಿಬಿಟ್ರೆ ಹೊರಗಡೆ ಸುತ್ತಲ್ಲಿ ಎಂಟು ಜನ ಉಳೀತಾರೆ, ಮನೆಗೆ ನೆಮ್ಮದಿ," ಎಂದೆ. "ನಿಮ್ಮನೇಲಿ ಜಗಲಿ ಮೇಲಿರೋರು ಯಾರ್ರೋ?"

"ನಮ್ಮ ತಾತ ಸಾರ್," ಎಂದನೊಬ್ಬ. ಇನ್ನೊಬ್ಬ ಎರಡನೇ ಬೆಂಚಿನ ಕಡೆ ಕೈ ತೋರಿಸಿದ. "ಕೋಮಲಾ ಸಾರ್. ಅವಳು ಮಾವನ ಮನೇಲಿರೋದು."

ಕೋಮಲಾಗೆ ತಾಯಿ ಇಲ್ಲ. ಐದು ವರ್ಷದವಳಿದ್ದಾಗಿನಿಂದ ಸೋದರಮಾವನ ಮನೆಯಲ್ಲೇ ಬೆಳೆದವಳು. ಇದು ನನಗೆ ಗೊತ್ತಿತ್ತು. ತರಗತಿ ನಕ್ಕಿತು, ನಾನೂ ನಕ್ಕೆ. "ಹಂಗಾದ್ರೆ ನಿಮ್ಮ ಮಾವಂದು ಸೋಡಿಯಂ ಮನೆ ಕಣಮ್ಮ," ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.

ಸೋಮವಾರದಿಂದ ಅವಳು ಬರಲಿಲ್ಲ. ಜ್ವರವಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು. ಎರಡನೇ ವಾರ ತಡೆಯಲಾರದೆ, ಸಂಜೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಹೋಗುವ ಬಸ್ಸು ಬಿಟ್ಟು ಅವಳ ಮಾವನ ಮನೆಗೆ ನಡೆದೆ.

ಅವಳ ಅತ್ತೆ ರೇವಮ್ಮ ಮಜ್ಜಿಗೆ ತಂದುಕೊಟ್ಟರು. "ಮಾರ್ಕೋನಹಳ್ಳಿಗೆ, ಅವರಪ್ಪನ ತಾವ್ಕೆ ಹೊಂಟೋದ್ಲು ಮೇಷ್ಟ್ರೆ. ಅಲ್ಲಿ ಸ್ಕೂಲಿಗೂ ಹೋಗ್ತಿಲ್ವಂತೆ. ನಾನ್ ಹೋದ್ರೆ ನಿಮಗೆಲ್ಲಾ ನೆಮ್ಮದಿ ಅತ್ತೆ ಅಂದ್ಲು. ಹತ್ತು ವರ್ಷ ನಾನೇ ಜಡೆ ಹಾಕಿ ಕಳಿಸಿದೀನಿ. ಒಂದಿನಾನೂ ನೀನು ಹೊರಗಿನೋಳು ಅಂದಿಲ್ಲ. ಯಾವ ಪಾಪಿ ಆ ಮಗೀನ ತಲೇಲಿ ಇದನ್ನ ತುಂಬಿದ್ನೋ."

ಮಜ್ಜಿಗೆ ಲೋಟ ಕೆಳಗಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಯಾರ ಮೇಲಾದರೂ ತಪ್ಪು ಹೊರಿಸಿ ಎದ್ದು ಬರಬಹುದಿತ್ತು, ಆ ಯೋಚನೆ ಬಂದದ್ದೂ ನಿಜ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

"ನಾನೇ ಕಣಮ್ಮ," ಎಂದೆ. "ಪಾಠ ಮಾಡ್ತಾ ಅಂದ್ಬಿಟ್ಟೆ. ಹುಡುಗರು ನಗಲಿ ಅಂತ."

ರೇವಮ್ಮ ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವರು ಒಳಗೆ ಹೋಗಿ ಕೋಮಲಾಳ ಯೂನಿಫಾರ್ಮ್ ತಂದು ನನ್ನ ಕೈಗೆ ಕೊಟ್ಟರು. ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದರು.

"ನಾನೂ ಅವಳ ಮಾವನೂ ಎರಡ್ ಸಲ ಹೋಗಿ ಕರೆದ್ವಿ, ಬರಲಿಲ್ಲ. ಯಾಕೇಂತ ಈಗ ಗೊತ್ತಾಯ್ತು. ನಮ್ಮ ಮೇಷ್ಟ್ರು ಹೇಳಿದ್ದು ಯಾವತ್ತೂ ಸುಳ್ಳಾಗಲ್ಲ ಅನ್ನೋಳು ಅವಳು. ನಾನ್ ಹೇಳಿದ್ದು ಸುಳ್ಳು ಅಂತ ನೀವೇ ಹೋಗಿ ಹೇಳಿ."