ಬ್ರಿಜಿತಳ ಹೆಸರಿನ ಹಸಿರು ಚುಕ್ಕೆ

ಕಷ್ಟ ಬಂದಾಗ ಯಾರನ್ನು ಕರೆಯುವುದು? ಕೇರಳದ ಕಡಲಂಚಿನ ನಮ್ಮ ವಾರ್ಡಿನಲ್ಲಿ ಇದು ಹಳೆಯ ತೊಂದರೆ. ಒಬ್ಬರಿಗೆ ಫೋನ್ ಮಾಡಿದರೆ ಅವರು ದೋಣಿಯಲ್ಲಿರುತ್ತಾರೆ, ಇನ್ನೊಬ್ಬರು ಆಲಪ್ಪುಳದ ಬಸ್ಸಿನಲ್ಲಿ, ಮತ್ತೊಬ್ಬರು ಚರ್ಚಿನ ಬಲಿಪೂಜೆಯಲ್ಲಿ. ಅಷ್ಟರಲ್ಲಿ ಹಾಸಿಗೆ ಹಿಡಿದವರ ಗತಿ ಏನು?

ಅದಕ್ಕೇ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ನಮ್ಮ ಸಾಂತ್ವನ ಸಂಘದವರು ಫೋನಿನಲ್ಲಿ ತೆರೆಯುವ ಒಂದು ಪುಟ ಮಾಡಿಸಿದರು. ಸೇವೆಗೆ ಬರುವ ಇಪ್ಪತ್ತಾರು ಮಂದಿಯ ಹೆಸರು ಅದರಲ್ಲಿದೆ. ಯಾರು ಪುಟ ತೆರೆದಿಟ್ಟುಕೊಂಡಿದ್ದಾರೋ ಅವರ ಹೆಸರಿನ ಮುಂದೆ ಹಸಿರು ಚುಕ್ಕೆ ಮೂಡುತ್ತದೆ. ರೋಗಿಯ ಮನೆಯವರು 'ಬನ್ನಿ' ಎಂಬ ಗುಂಡಿ ಒತ್ತಿದರೆ, ಚುಕ್ಕೆ ಇರುವವರಲ್ಲಿ ತೀರ ಹತ್ತಿರದವರ ಫೋನು ಮೊದಲು ರಿಂಗಾಗುತ್ತದೆ.

ನನ್ನ ಹೆಂಡತಿ ಬ್ರಿಜಿತ ಮೊದಲ ದಿನವೇ ಹೆಸರು ಕೊಟ್ಟಳು. ಮೂವತ್ತೊಂದು ವರ್ಷ ಇಗರ್ಜಿಯಲ್ಲಿ ಗಂಟೆ ಬಾರಿಸಿದ ನನಗೆ ಇದು ಹಿಡಿಸಲಿಲ್ಲ.

"ನಾನಿದೀನಿ, ನಾನಿದೀನಿ ಅಂತ ಊರಿಗೆಲ್ಲ ಯಾಕೆ ಸಾರ್ಬೇಕು? ದೇವರಿಗೆ ಗೊತ್ತಿದ್ರೆ ಸಾಲ್ದಾ?" ಎಂದೆ.

"ದೇವರಿಗೆ ಗೊತ್ತು. ಗ್ರಿಗರಿಗೆ ಗೊತ್ತಾಗೋದು ಹೇಗೆ?" ಎಂದಳು.

ಗ್ರಿಗರಿ ನಮ್ಮಿಂದ ಮೂರನೆಯ ಮನೆಯವನು. ನನ್ನ ಬಾಲ್ಯದ ಗೆಳೆಯ. ಅವನಿಗೆ ಉಸಿರಿನ ಕಾಯಿಲೆ, ಆಕ್ಸಿಜನ್ ಕೊಡುವ ಯಂತ್ರ ಓಡುತ್ತಿದ್ದರೆ ಮಾತ್ರ ನೆಮ್ಮದಿ. ಕರೆಂಟು ಹೋದರೆ ಇಗರ್ಜಿಯ ಸಭಾಂಗಣದಲ್ಲಿಟ್ಟ ಆಕ್ಸಿಜನ್ ಸಿಲಿಂಡರನ್ನು ಯಾರಾದರೂ ತಂದುಕೊಡಬೇಕು. ಆ ಕೆಲಸಕ್ಕೆ ಬ್ರಿಜಿತ ಎಷ್ಟು ಸಲ ಅಡುಗೆ ಬಿಟ್ಟು ಓಡಿದಳೋ!

ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಬ್ರಿಜಿತ ಪ್ರಭುವಿನ ಪಾದ ಸೇರಿದಳು. ಆಕೆಯ ಫೋನನ್ನು ಯೇಸುವಿನ ಪಟದ ಕೆಳಗಿಟ್ಟು ಚಾರ್ಜಿಗೆ ಹಾಕಿದೆ. ಪುಟ ತೆರೆದೇ ಇತ್ತು. ಆಕೆಯ ಹೆಸರಿನ ಮುಂದೆ ಹಸಿರು ಚುಕ್ಕೆಯೂ ಇತ್ತು. ಬಲಿಪೀಠದ ಬಳಿಯ ನಂದಾದೀಪ ಆರದಂತೆ ಕಾಯುವುದು ನನ್ನ ಹಳೆಯ ಕೆಲಸ. ಇದೂ ಅಂಥದೇ ಒಂದು ದೀಪ ಎಂದುಕೊಂಡೆ. ಬೆಳಿಗ್ಗೆ ಎದ್ದು ಅದನ್ನು ನೋಡಿದರೆ ಮನಸ್ಸಿಗೆ ಹಿತವಾಗುತ್ತಿತ್ತು.

ಮೂರು ವಾರ ಕಳೆದು, ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಫೋನು ರಿಂಗಾಯಿತು. ನಾನು ಶಿಲುಬೆಯ ಗುರುತು ಹಾಕಿಕೊಂಡು ನಿಂತುಬಿಟ್ಟೆ. ಆಕೆಗೆ ಬಂದ ಕರೆಯನ್ನು ನಾನು ಹೇಗೆ ಎತ್ತಲಿ? ಅದು ನಿಂತಿತು, ಮತ್ತೆ ರಿಂಗಾಯಿತು, ಮತ್ತೆ ನಿಂತಿತು. ಮೂರು ಸಲ.

ಮಧ್ಯಾಹ್ನ ಸಂಘದ ನರ್ಸು ಸುಹರ ಸ್ಕೂಟರಿನಲ್ಲಿ ಬಂದಳು. ನಮ್ಮನ್ನೆಲ್ಲ ಅವಳು ಚೇಟ್ಟ, ಚೇಚಿ, ಅಂದರೆ ಅಣ್ಣ, ಅಕ್ಕ ಎಂದೇ ಕರೆಯುವವಳು.

"ಚೇಟ್ಟಾ, ಬ್ರಿಜಿತ ಚೇಚಿ ಫೋನು ಬೆಳಿಗ್ಗೆ ರಿಂಗಾಯ್ತಾ?"

"ಆಯ್ತು. ನಾನು ಎತ್ತಲಿಲ್ಲ."

"ಕರೆಂಟು ಹೋಗಿತ್ತು. ಗ್ರಿಗರಿ ಚೇಟ್ಟನ ಹೆಂಡತಿ 'ಬನ್ನಿ' ಒತ್ತಿದಾರೆ. ಇಲ್ಲಿ ಹಸಿರಿದೆಯಲ್ಲ, ಪುಟ ಇಲ್ಲಿಗೇ ಕರೀತು. ಮೂರು ಸಲ ಕರೆದು ಆಮೇಲೆ ಮುಂದಿನವರ ಹತ್ರ ಹೋಯ್ತು. ಆರು ನಿಮಿಷ ಹೋಯ್ತು ಚೇಟ್ಟಾ. ತುಟಿ ನೀಲಿ ಆಗಿತ್ತು."

"ಬದುಕಿದಾನಾ?" ಎಂದೆ.

"ಬದುಕಿದಾರೆ. ಎಲ್ಲರನ್ನೂ ಬೈತಾ ಇದಾರೆ. ಬೈಯೋಕೆ ಉಸಿರು ಬಂದಿದೆ ಅಂದ್ರೆ ಭಯ ಇಲ್ಲ."

ಅಷ್ಟು ಹೊತ್ತಿಗೆ ನನಗೆ ಸಿಟ್ಟು ಬಂತು. "ಹಾಗಾದ್ರೆ ನಿಮ್ಮ ಚುಕ್ಕೆ ಸುಳ್ಳು ಹೇಳ್ತು! ತೀರಿಹೋದವಳನ್ನ ಇದಾಳೆ ಅಂತು!"

ಸುಹರ ಜಗಲಿಯಲ್ಲಿ ಕೂತಳು. "ನೀವು ದಿನಕ್ಕೆ ಮೂರು ಹೊತ್ತು ಗಂಟೆ ಬಾರಿಸ್ತಿದ್ರಲ್ಲ, ಒಂದಿನ ಮಧ್ಯಾಹ್ನದ ಗಂಟೆ ಕೇಳಿಸ್ದೇ ಹೋದ್ರೆ ಊರವರು ಏನ್ಮಾಡ್ತಿದ್ರು?"

"ಗಂಟೆ ಬಾರಿಸೋ ಕ್ಲೀಟಸ್‌ಗೆ ಏನೋ ಆಯ್ತು ಅಂತ ನನ್ನ ಮನೆಗೆ ಓಡಿ ಬರ್ತಿದ್ರು. ಒಂದ್ಸಲ ನಿದ್ದೆ ಹೋಗಿಬಿಟ್ಟಿದ್ದೆ, ಅರ್ಧ ಊರೇ ಬಾಗಿಲಿಗೆ ಬಂದಿತ್ತು."

"ಇದೂ ಅಷ್ಟೇ. ಪುಟ ತೆರೆದಿರೋ ಫೋನು ಇಪ್ಪತ್ತು ಸೆಕೆಂಡಿಗೊಂದು ಸಲ 'ಇದೀನಿ' ಅಂತ ಗಂಟೆ ಬಾರಿಸುತ್ತೆ. ದೂರದಲ್ಲಿರೋ ಒಂದು ಕಂಪ್ಯೂಟರು ಕೇಳಿಸ್ಕೊಳ್ಳುತ್ತೆ. ಒಂದ್ಸಲ ಗಂಟೆ ತಪ್ಪಿದ್ರೆ, ಪಾಪ, ಸಿಗ್ನಲ್ ಹೋಗಿರಬಹುದು ಅಂತ ಕಾಯುತ್ತೆ. ಮೂರು ಸಲ ತಪ್ಪಿದ್ರೆ ಚುಕ್ಕೆ ಆರಿಸುತ್ತೆ."

ನಾನು ಬೆರಗಾದೆ. ದಿನಕ್ಕೆ ಮೂರು ಹೊತ್ತಿನ ಗಂಟೆಗೇ ನಾನು ಜಂಬ ಪಟ್ಟವನು. ಇದು ಇಪ್ಪತ್ತಾರು ಮಂದಿಯ ಗಂಟೆಯನ್ನು ಹಗಲೂ ರಾತ್ರಿಯೂ, ಬೇಸರವಿಲ್ಲದೆ, ಒಂದನ್ನೂ ಮರೆಯದೆ ಕೇಳಿಸಿಕೊಳ್ಳುತ್ತಿದೆ!

"ಆದ್ರೆ ಫೋನು ಎಚ್ಚರ ಇದೆ ಅಂತ ಮಾತ್ರ ಅದಕ್ಕೆ ಗೊತ್ತು," ಎಂದಳು ಸುಹರ. "ಮನುಷ್ಯ ಇದಾನಾ ಅನ್ನೋ ಸತ್ಯ ನಾವೇ ಹೇಳ್ಬೇಕು. ಗಂಟೆ ಸುಳ್ಳು ಹೇಳ್ಲಿಲ್ಲ ಚೇಟ್ಟಾ. ಫೋನು ಚಾರ್ಜಿಗಿಟ್ಟು ಹಗ್ಗ ಎಳೀತಿದ್ದವರು ನೀವು."

ನಾನು ತಲೆ ತಗ್ಗಿಸಿದೆ.

"ತಪ್ಪು ನಂದೂ ಇದೆ," ಎಂದಳು ಅವಳು ಮೆಲ್ಲಗೆ. "ಚೇಚಿ ಹೆಸರು ತೆಗೀಬೇಕಿತ್ತು. ಅಳಿಸೋಕೆ ಬೆರಳು ಬರಲಿಲ್ಲ."

ಪಟದ ಕೆಳಗಿಂದ ಫೋನು ತಂದೆ. ಪುಟದ ಕೊನೆಯಲ್ಲಿ ಒಂದು ಗುಂಡಿ ಇತ್ತು. ಅದರ ಮೇಲೆ 'ಹೋಗಿ ಬರುತ್ತೇನೆ' ಎಂದು ಬರೆದಿತ್ತು.

"ಮೊದಲು ಇಲ್ಲಿ 'ಹೊರಟೆ' ಅಂತಿತ್ತು," ಎಂದಳು ಸುಹರ. "ಚೇಚಿ ಒತ್ತೋದೇ ಇಲ್ಲ ಅಂತ ಹಟ ಹಿಡಿದ್ರು. ಹೊಸ್ತಿಲು ದಾಟೋವಾಗ ಯಾರಾದ್ರೂ ಹೊರಟೆ ಅಂತಾರೇನೇ ಅಂತ ನನ್ನ ಹತ್ರ ಜಗಳ ಆಡಿ ಬದಲಾಯಿಸಿದ್ರು."

ಮರಣದ ಆಚೆ ಮತ್ತೆ ಕಾಣುತ್ತೇವೆ ಎಂದು ನಂಬಿದವನು ನಾನು. ಆ ಮಾತು ಸರಿಯಾಗಿಯೇ ಇತ್ತು. ಆಕೆಯ ಪರವಾಗಿ ಒತ್ತಿದೆ. ಹಸಿರು ಚುಕ್ಕೆ ಆರಿತು.

ನನ್ನ ಫೋನನ್ನು ಸುಹರಳ ಕೈಗಿಟ್ಟೆ.

"ಮೋಳೇ, ಮಗಳೇ, ಈಗ ನನ್ನ ಹೆಸರು ಬರಿ," ಎಂದೆ.

ಎರಡು ವಾರದ ಮೇಲೆ ಕರೆಂಟು ಹೋಯಿತು, ನನ್ನ ಫೋನು ರಿಂಗಾಯಿತು. ಕನ್ನಡಕ ಹುಡುಕಿ ಓದಿದೆ: 'ಕ್ಲೀಟಸ್, ಬನ್ನಿ.' ಕೈಗಾಡಿಯಲ್ಲಿ ಸಿಲಿಂಡರ್ ತಳ್ಳಿಕೊಂಡು ಗ್ರಿಗರಿಯ ಮನೆಗೆ ಓಡಿದೆ. ನಾಲ್ಕು ಉಸಿರು ಎಳೆದುಕೊಂಡ ಮೇಲೆ ಅವನು ಕಣ್ಣು ಬಿಟ್ಟ.

"ಗಂಟೆ ಬಾರಿಸೋನಿಗೆ ಕೊನೆಗೂ ಗಂಟೆ ಕೇಳಿಸ್ತೇನೋ?"

"ಬಾಯಿ ಮುಚ್ಕೊಂಡು ಉಸಿರಾಡು," ಎಂದೆ.

ಓದುತ್ತಿರುವ ಅಮ್ಮಂದಿರೇ, ಅಣ್ಣಂದಿರೇ, ಸೇವೆಗೆ ಸಿದ್ಧರಿದ್ದೀರಾ? ಪುಟ ತೆರೆದಿಡಿ. ಕಡಲಿಗೋ ಪೇಟೆಗೋ ಹೊರಟಿರಾ? 'ಹೋಗಿ ಬರುತ್ತೇನೆ' ಒತ್ತಿ ಹೊಸ್ತಿಲು ದಾಟಿ. ಫೋನನ್ನು ಮನೆಯಲ್ಲಿ ಎಚ್ಚರವಿಟ್ಟು ನೀವು ಎಲ್ಲಿಗೋ ಹೋಗಬೇಡಿ. ತೀರಿಕೊಂಡವರ ಹೆಸರು ಇನ್ನೂ ಹಸಿರಾಗಿದ್ದರೆ ಇವತ್ತೇ ಸಂಘಕ್ಕೆ ತಿಳಿಸಿ. ಅವರಿಗಾಗಿ ಮೇಣದಬತ್ತಿ ಹಚ್ಚೋಣ, ಪ್ರಾರ್ಥಿಸೋಣ. ಹಸಿರು ಚುಕ್ಕೆ ಮಾತ್ರ ಎದ್ದು ಓಡಬಲ್ಲವರ ಹೆಸರಿನ ಮುಂದೆ ಇರಲಿ. ಅದನ್ನು ನಂಬಿ ಯಾರೋ ಉಸಿರು ಹಿಡಿದು ಕಾಯುತ್ತಿರುತ್ತಾರೆ.